ಕರಾಚಿಯಲ್ಲಿ ನೋಡಬೇಕಾದ ಜಾಗಗಳು

ಏಪ್ರಿಲ್ 19, 1965, ಸೋಮವಾರ

ವೀಸಾ ಬಂತು. ನಾಲ್ಕು ಜನರದ್ದೂ ಒಟ್ಟಿಗೆ: ನನ್ನದು, ಮಗ ಅಲೆಕ್ಸನದು, ಅವನ ಹೆಂಡತಿ ವಿನಿಫ್ರೆಡ್‌ಳದು, ಮೊಮ್ಮಗಳು ಡುಲ್ಸಿನ್‌ಳದು. ಈಸ್ಟರಿನ ಮರುದಿನವೇ ಬಂದದ್ದು ಶುಭ ಎಂದಳು ವಿನಿಫ್ರೆಡ್. ಶುಭ ಅಲ್ಲ, ಅಲೆಕ್ಸ್ ಹಂಚಿನ ಕಾರ್ಖಾನೆಯ ಆಫೀಸಿಗೆ ರಜೆ ಹಾಕಿ ಬೊಂಬಾಯಿಗೆ ಹೋಗಿ ಸಾಲಿನಲ್ಲಿ ನಿಂತದ್ದರ ಫಲ ಎಂದೆ. ಅಕ್ಟೋಬರ್ ಕೊನೆಯವರೆಗೆ ಅವಧಿ ಇದೆ.

ದೊಡ್ಡ ಮಗ ಇಸಿದೋರ್ ಕರಾಚಿ ಬಂದರಿನ ಕೆಲಸಕ್ಕೆ ಹೋದಾಗ ಅದು ಬೇರೆ ದೇಶವಾಗಿರಲಿಲ್ಲ. ಆಮೇಲೆ ಆಯಿತು. ಅವನು ಕೊನೆಯ ಸಲ ಫಳ್ನೀರಿನ ಈ ಮನೆಯ ಮೆಟ್ಟಿಲು ಇಳಿದದ್ದು 1951ರಲ್ಲಿ, ತಂದೆಯ ವರ್ಷದ ಪೂಜೆ ಮುಗಿಸಿ. ಮರುವರ್ಷ ಅಲ್ಲೇ ಮದುವೆಯಾದ. ಹೆಂಗಸು ವಿಧವೆ, ಜೊತೆಗೊಂದು ಮಗು. ನನ್ನನ್ನು ಕೇಳಲಿಲ್ಲ, ತಿಳಿಸಿದ, ಅಷ್ಟೆ. ನಮ್ಮ ಮನೆತನದಲ್ಲಿ ಹಾಗೆ ಎಂದೂ ಆದದ್ದಿಲ್ಲ. ಇಗರ್ಜಿಯಲ್ಲಿ ಕೇಳಿದವರಿಗೆ, ಅವನಿಗೆ ಮದುವೆಯ ಮನಸ್ಸಿಲ್ಲ ಎಂದೆ. ಇವತ್ತಿಗೂ ಅದನ್ನೇ ಹೇಳುತ್ತೇನೆ.

ಈಗ ಎಲ್ಲಿಗೆ ಹೊರಟಿರಿ ಎಂದು ಕೇಳುವವರಿಗೆ, ಕರಾಚಿ ಪಟ್ಟಣ ನೋಡಲಿಕ್ಕೆ ಎನ್ನುತ್ತೇನೆ. ಅದು ಸುಳ್ಳಲ್ಲ.

ಏಪ್ರಿಲ್ 22

ಜೆಪ್ಪುವಿನಿಂದ ತಮ್ಮ ಆಂಬ್ರೋಸ್ ಬಂದಿದ್ದ. ಕರಾಚಿಯಲ್ಲಿ ರೈಲ್ವೆ ಕೆಲಸ ಮಾಡಿ ಪಿಂಚಣಿ ಪಡೆದು ಬಂದವನು, ಅಲ್ಲಿನ ಓಣಿ ಓಣಿ ಗೊತ್ತು. ನಾನು ಕಾಗದ ಹಿಡಿದು ಕೂತೆ. ಅವನು ಹೇಳುವುದು, ನಾನು ಬರೆಯುವುದು.

"ಮೊದಲು ಕ್ಲಿಫ್ಟನ್ ಬರಿ ಬಾಯೆ. ಸಮುದ್ರದ ಬದಿ. ಗಾಳಿ ತಿನ್ಲಿಕ್ಕೆ ಕಲ್ಲಿನ ಮಂಟಪ ಉಂಟು, ಒಂಟೆ ಸವಾರಿ ಉಂಟು."

"ಸಮುದ್ರ ನೋಡ್ಲಿಕ್ಕೆ ಕರಾಚಿಗೆ ಹೋಗ್ಬೇಕಾ? ಪಣಂಬೂರು ಎಂತ ಆಯ್ತು?"

"ಪಣಂಬೂರಲ್ಲಿ ಒಂಟೆ ಉಂಟಾ ಮಾರಾಯ್ತಿ?"

ಡುಲ್ಸಿನ್ ಬಾಗಿಲ ಹಿಂದಿನಿಂದ ಹಾರಿ ಬಂದಳು. "ವ್ಹಡ್ಲಿಮಾಂಯ್, ಒಂಟೆ ಬರೀರಿ, ಒಂಟೆ ಬರೀರಿ." ಹನ್ನೊಂದು ವರ್ಷದ ಹುಡುಗಿ ಕದ್ದು ಕೇಳುವುದು ತಪ್ಪು ಎಂದು ಗದರಿದೆ. ಒಂಟೆಯನ್ನೂ ಬರೆದೆ.

ಸಂತ ಪ್ಯಾಟ್ರಿಕರ ದೊಡ್ಡ ಇಗರ್ಜಿ. ಫ್ರೇರ್ ಹಾಲ್ ಮತ್ತು ಅದರ ತೋಟ. ಎಂಪ್ರೆಸ್ ಮಾರುಕಟ್ಟೆ. ಮೃಗಾಲಯ. ಕೀಮಾರಿಯಿಂದ ದೋಣಿಯಲ್ಲಿ ಹೋದರೆ ಮನೋರಾ ದ್ವೀಪ, ಅಲ್ಲಿ ದೀಪಸ್ತಂಭ. ಬೋಹ್ರಿ ಬಜಾರಿನ ಹೆಸರು ಬಂದ ಕೂಡಲೇ ವಿನಿಫ್ರೆಡ್ ಅಡಿಗೆಮನೆಯಿಂದ, "ಮಾಂಯ್, ಅಲ್ಲಿಗೆ ಎರಡು ಸಂಜೆ ಇಡಿ" ಎಂದಳು. ಒಂದೇ ಇಟ್ಟೆ.

"ಊರ ಹೊರಗೆ ಮಂಘೋಪೀರ್ ಅಂತ ಉಂಟು" ಎಂದ ಆಂಬ್ರೋಸ್. "ಪೀರರ ಗೋರಿ, ಬಿಸಿನೀರಿನ ಬುಗ್ಗೆ, ಕೊಳದ ತುಂಬ ಮೊಸಳೆ. ವರ್ಷಕ್ಕೊಮ್ಮೆ ಹಿರೀ ಮೊಸಳೆಗೆ ಹೂವಿನ ಹಾರ ಹಾಕ್ತಾರೆ. ನೀನು ಹೋದ್ರೆ ಅದೇ ಎದ್ದು ಬಂದು ನಿನಗೆ ಹಾಕೀತು."

ನಾನು ನಗಲಿಲ್ಲ. ಹುಡುಗಿ ನಕ್ಕಳು, ಸೊಸೆಯೂ ನಕ್ಕಳು.

ಎರಡು ವಾರಕ್ಕೂ ಬೆಳಿಗ್ಗೆ ಒಂದು ಜಾಗ, ಸಂಜೆ ಒಂದು ಜಾಗ ತುಂಬಿಸಿದೆ. ಉಳಿಯುವುದು ಅಲ್ಲಿನ ಕಾನ್ವೆಂಟಿನ ಸಿಸ್ಟರ್‌ಗಳ ಅತಿಥಿ ಕೋಣೆಯಲ್ಲಿ. ಮಧ್ಯಾಹ್ನದ ಊಟ ಹೊರಗೆ. ಇಸಿದೋರ್ ಬಂದು ನಮ್ಮೊಂದಿಗೆ ತಿರುಗಲಿ. ಆ ಹೆಂಗಸಿನ ಮನೆಯಲ್ಲಿ ಕುರ್ಚಿ ಎಳೆದು ಕೂರುವ ಪ್ರಸಂಗ ಬರಬಾರದು.

ಆಂಬ್ರೋಸ್ ಕಾಗದವನ್ನು ಮೇಲಿನಿಂದ ಕೆಳಗೆ ಓದಿದ. "ಇದರಲ್ಲಿ ಇಸಿದೋರನ ಮನೆ ಎಲ್ಲುಂಟು ಬಾಯೆ?"

"ಅದು ನೋಡುವ ಜಾಗ ಅಲ್ಲ."

ಅವನು ಕಾಫಿ ಕುಡಿದು ಕೊಡೆ ತೆಗೆದುಕೊಂಡು ಹೋದ. ಮಾತು ಕಡಿಮೆ ಮಾಡಿದರೆ ಅವನಿಗೇ ಒಳ್ಳೆಯದು.

ಏಪ್ರಿಲ್ 30

ಪಟ್ಟಿಯನ್ನು ಚೆನ್ನಾಗಿ ನಕಲು ಮಾಡಿ ಇಸಿದೋರನಿಗೆ ಕಳಿಸಿದೆ. ಯಾವ ದಿನ ಎಲ್ಲಿ, ಎಷ್ಟು ಹೊತ್ತಿಗೆ ಎಂದು ಎಲ್ಲ ಅದರಲ್ಲಿದೆ. ಅವನು ಆ ಪ್ರಕಾರ ರಜೆ ಹಾಕಿಕೊಳ್ಳಲಿ.

ಬೆಂಗ್ರೆಯ ಗುಣವತಿ ಮೀನು ತಂದವಳು ಬುಟ್ಟಿ ಇಳಿಸುವ ಮೊದಲೇ ಕೇಳಿದಳು, "ಬಾಯಮ್ಮಾ, ಕರಾಚಿಗೆ ಹೋಗ್ತೀರಂತೆ? ಅಲ್ಲಿ ಬಂಗುಡೆ ಸಿಗ್ತದಾ?"

"ಅಲ್ಲೂ ಇದೇ ಸಮುದ್ರ."

"ಇದೇ ಆದ್ರೆ ಮತ್ತೆ ಅಷ್ಟು ದೂರ ಯಾಕೆ ಹೋಗುದು? ನಮ್ಮ ದೋಣಿಯಲ್ಲಿ ಕೂತ್ಕೊಳ್ಳಿ, ಉಲ್ಲಾಳದವರೆಗೆ ತೋರಿಸ್ತೇವೆ. ವೀಸಾ ಬೇಡ."

ಎಲ್ಲರಿಗೂ ಬಾಯಿ ಉದ್ದವಾಗಿದೆ. ಮೀನು ತಾಜಾ ಇತ್ತು, ತೆಗೆದುಕೊಂಡೆ.

ಮೇ 12

ಕರಾಚಿಯ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿರುವ ನಮ್ಮೂರ ವೆಲೆನ್ಸಿಯಾ ಕೇರಿಯ ಹುಡುಗಿ ರಜೆಯಲ್ಲಿ ಬಂದಿದ್ದಾಳೆ. ಇವತ್ತು ಮನೆಗೆ ಬಂದಳು. ಕುರ್ಚಿಯ ತುದಿಯಲ್ಲಿ ಕೂತು ಕರವಸ್ತ್ರವನ್ನು ಮಡಚುತ್ತ ಬಿಚ್ಚುತ್ತ ಇದ್ದಳು.

"ಬಾಯೀ, ನೀವು ಜೂನ್‌ನೊಳಗೆ ಹೊರಟು ಬರ್ಬೇಕಂತೆ. ತಡ ಮಾಡ್ಬಾರದಂತೆ. ನಿಮ್ಮ ಸೊಸೆ ಹೇಳಿ ಕಳಿಸಿದ್ದು."

"ನನ್ನ ಸೊಸೆ ಅಡಿಗೆಮನೆಯಲ್ಲಿ ಇದ್ದಾಳೆ" ಎಂದೆ.

ಹುಡುಗಿಯ ಮುಖ ಕೆಂಪಾಯಿತು. ಇಸಿದೋರ್ ಹೇಗಿದ್ದಾನೆ ಎಂದು ಕೇಳಿದೆ. ಸ್ವಲ್ಪ ಸಪೂರ ಆಗಿದ್ದಾರೆ, ಹೊಟ್ಟೆಯಲ್ಲಿ ಹುಣ್ಣಂತೆ, ಮದ್ದು ತೆಗೆದುಕೊಳ್ಳುತ್ತಿದ್ದಾರೆ ಎಂದಳು. ಮತ್ತೆ ನೆಲ ನೋಡಿದಳು. ಅವನ ಅಪ್ಪನಿಗೂ ಹುಣ್ಣಿತ್ತು, ಮಜ್ಜಿಗೆಯಲ್ಲಿ ವಾಸಿಯಾಯಿತು ಎಂದು ಹೇಳಿದೆ. ಹೋಗುವಾಗ, ಅಲ್ಲಿ ಕಂಡದ್ದನ್ನು ಇಲ್ಲಿ ಯಾರಿಗೂ ಹೇಳಬಾರದು ಎಂದು ತಾಕೀತು ಮಾಡಿದೆ. ಹೂಂ ಎಂದಳು.

ನನಗೆ ಅಪ್ಪಣೆ ಕಳಿಸುವಷ್ಟು ಆಗಿದೆ ಆ ಹೆಂಗಸಿಗೆ.

ಮೇ 13

ಬೆಳಿಗ್ಗೆ ಅಲೆಕ್ಸನೂ ಅದೇ ರಾಗ ತೆಗೆದ. "ಜೂನ್‌ನಲ್ಲೇ ಹೋಗುವ ಮಾಂಯ್. ಕಛ್‌ನಲ್ಲಿ ಗುಂಡು ಹಾರ್ತಾ ಉಂಟು. ಮುಂದೆ ಎಂತ ಆಗ್ತದೋ ಯಾರಿಗೆ ಗೊತ್ತು?"

"ಮೊಂತಿ ಫೆಸ್ತ್ ಕಳೆದ ಮೇಲೆ ಅಂತ ಹೇಳಿದ್ದೇನೆ. ಅದು ಬದಲಾಗುದಿಲ್ಲ."

ಸಪ್ಟೆಂಬರ್ ಎಂಟು, ಮರಿಯಮ್ಮನವರ ಹುಟ್ಟುಹಬ್ಬ. ಇಗರ್ಜಿಯಲ್ಲಿ ಮಂತ್ರಿಸಿದ ಹೊಸ ತೆನೆ ಮನೆಗೆ ಬರುತ್ತದೆ. ಆ ಕಾಳನ್ನು ಮನೆಯ ಹಿರಿಯರು ಸುಲಿದು ತೆಂಗಿನ ಹಾಲಿಗೆ ಹಾಕಿ ಒಬ್ಬೊಬ್ಬರಿಗೂ ಕೊಡುವುದು. ದೂರ ಇರುವವರ ಪಾಲು ಲಕೋಟೆಯಲ್ಲಿ ಹೋಗುತ್ತದೆ. ಇಸಿದೋರನಿಗೆ ಪ್ರತಿ ವರ್ಷ ನಾನೇ ಅಂಟಿಸಿ ಕಳಿಸಿದ್ದೇನೆ. ಅವನ ಪಾಲು ಮಾತ್ರ. ಈ ವರ್ಷ ನನ್ನ ಕೈಯಿಂದ ಅವನ ಬಾಯಿಗೆ ಕೊಡಬೇಕು. ಇಷ್ಟು ವರ್ಷ ಕಾದು, ಮಳೆಗಾಲದ ಸಮುದ್ರದಲ್ಲಿ ಬರಿಗೈಯಲ್ಲಿ ಹೋಗಿ ನಿಲ್ಲುವುದೇ? ಅದೂ ಅವಳು ಕರೆದಳು ಎಂದು?

ಸಪ್ಟೆಂಬರ್ ಹದಿನೈದರ ಹಡಗಿಗೆ ಜಾಗ ಮಾಡಿಸು ಎಂದೆ. ಅಲೆಕ್ಸ್ ಟೋಪಿ ಹಾಕಿಕೊಂಡು ಹೊರಟುಹೋದ. ತಿಂಡಿ ಪೂರ್ತಿ ತಿನ್ನಲಿಲ್ಲ.

ಜೂನ್ 9

ಇಸಿದೋರನ ಕಾಗದ. "ನಿಮಗೆ ಯಾವಾಗ ಅನುಕೂಲವೋ ಆಗ ಬನ್ನಿ ಮಾಂಯ್. ಹೊಸ ಕಾಳು ನಿಮ್ಮ ಕೈಯಿಂದ ತಿಂದರೆ ಅದಕ್ಕಿಂತ ದೊಡ್ಡದು ಎಂತ?" ನೋಡಿ, ಅವನಿಗೆ ಅರ್ಥವಾಗುತ್ತದೆ. ಜೂನ್ ಎಂದು ಹೇಳಿ ಕಳಿಸಿದ್ದು ಅವನಲ್ಲ.

ಮನೋರಾ ಬಿಡುವುದು ಒಳ್ಳೆಯದು ಎಂದೂ ಬರೆದಿದ್ದಾನೆ. ದೋಣಿ ಹತ್ತುವ ಕಲ್ಲಿನ ಮೆಟ್ಟಿಲು ಪಾಚಿ ಕಟ್ಟಿದೆಯಂತೆ, ನನ್ನ ಮೊಣಕಾಲಿಗೆ ಆಗದಂತೆ. ಹೊಡೆದು ಹಾಕಿದೆ. ಆ ಬೆಳಿಗ್ಗೆ ಈಗ ಖಾಲಿ ಉಂಟು. ಬೇರೆ ಏನಾದರೂ ಹಾಕಬೇಕು.

ಜುಲೈ 4

ಇನ್ನೊಂದು ಕಾಗದ. ನನ್ನ ಪಟ್ಟಿಯ ಒಂದೊಂದು ಜಾಗಕ್ಕೂ ಒಂದೊಂದು ಟಿಪ್ಪಣಿ. ಫ್ರೇರ್ ಹಾಲಿನ ತೋಟದಲ್ಲಿ ಎಡಬದಿಯ ಬೆಂಚುಗಳಿಗೆ ಬೆಳಿಗ್ಗೆ ಹತ್ತರವರೆಗೆ ನೆರಳು. ದೊಡ್ಡ ಇಗರ್ಜಿಯ ಮುಂದಿನ ಬಾಗಿಲಿಗಿಂತ ಪಕ್ಕದ ಬಾಗಿಲಿಗೆ ಮೆಟ್ಟಿಲು ಕಡಿಮೆ. ಟ್ರಾಮ್ ನಿಲ್ಲುವಲ್ಲಿಂದ ಎಂಪ್ರೆಸ್ ಮಾರುಕಟ್ಟೆಗೆ ದಾರಿಯಲ್ಲಿ ಒಬ್ಬ ಮುದುಕ ಲಿಂಬೆ ಶರಬತ್ತು ಮಾರುತ್ತಾನೆ, ಲೋಟ ಚೆನ್ನಾಗಿ ತೊಳೆಯುತ್ತಾನೆ. ಕ್ಲಿಫ್ಟನ್ನಿನಲ್ಲಿ ಜುಲೈ ಗಾಳಿ ಜೋರು, ಸಪ್ಟೆಂಬರಿನಲ್ಲಿ ಇಳಿಯುತ್ತದೆ. ಹುಡುಗಿಗೆ ಒಂಟೆ ಹತ್ತಿಸುವಾಗ ಕಪ್ಪು ಗಡ್ಡದವನ ಒಂಟೆಯೇ ಆಗಬೇಕು, ಅದು ಕಚ್ಚುವುದಿಲ್ಲ.

ಸಣ್ಣಂದಿನಿಂದ ಎರಡು ಸಾಲು ಬರೆದು ಸಹಿ ಹಾಕುತ್ತಿದ್ದ ಹುಡುಗ. ಇಷ್ಟು ತಿರುಗಾಡುತ್ತಿದ್ದಾನೆ ಅಂದರೆ ಹುಣ್ಣು ವಾಸಿ ಆಗಿದೆ. ಅಕ್ಷರ ಮಾತ್ರ ಓರೆ.

ಮಂಘೋಪೀರ್ ಬಹಳ ದೂರ, ದಾರಿ ತುಂಬ ಧೂಳು. ತೆಗೆದು ಹಾಕಿದೆ. ಡುಲ್ಸಿನ್ ಮೊಸಳೆಗಾಗಿ ಅತ್ತಳು. ಸುಮ್ಮನಿರು, ಪ್ರತಿದಿನ ತಿರುಗಿದರೆ ಜ್ವರ ಬರುತ್ತದೆ ಎಂದೆ. ಆ ಸಂಜೆಯ ಎದುರಿಗೆ "ಇಸಿದೋರನ ಮನೆ" ಎಂದು ಬರೆದೆ. ಮಕ್ಕಳಿಗೆ ನಡುವೆ ಎಲ್ಲಾದರೂ ಕೂರಲಿಕ್ಕೆ ಬೇಕಲ್ಲ.

ಜುಲೈ 28

ಕಾಗದ ಇಲ್ಲ.

ಆಗಸ್ಟ್ 14

ಕಾಗದ ಬಂತು. ಇಂಗ್ಲಿಷಿನಲ್ಲಿದೆ, ಬೇರೆ ಅಕ್ಷರ. ಆ ಹೆಂಗಸಿನ ಮಗಳು ಸೆರಫಿನ್ ಬರೆದದ್ದು. "ಪಪ್ಪಾ ಹೇಳಿದ್ದನ್ನು ನಾನು ಬರೆಯುತ್ತಿದ್ದೇನೆ" ಎಂದು ಮೊದಲ ಸಾಲಿನಲ್ಲಿದೆ. ಈಗ ಹದಿನಾರು ಆಗಿರಬೇಕು ಅವಳಿಗೆ. ಅಕ್ಷರ ದುಂಡಗಿದೆ, ತಪ್ಪಿಲ್ಲ. ಸಿಸ್ಟರ್‌ಗಳ ಶಾಲೆ ಇರಬೇಕು.

ಇಸಿದೋರ್ ಹೇಳಿದ್ದು ಇಷ್ಟೆ: "ಜಾಗಗಳನ್ನೆಲ್ಲ ಆಮೇಲೆ ನೋಡುವ ಮಾಂಯ್. ಹಡಗಿನಿಂದ ಇಳಿದವರು ನೇರ ಮನೆಗೆ ಬನ್ನಿ."

ಸಂಜೆ ಆಂಬ್ರೋಸ್ ಬಂದಾಗ ಕೇಳಿದೆ, "ಹೊಟ್ಟೆ ಹುಣ್ಣಿಗೆ ಪೆನ್ನು ಹಿಡೀಲಿಕ್ಕೆ ಆಗದಷ್ಟು ನಿತ್ರಾಣ ಬರ್ತದಾ?"

ಅವನು ಅಂಗಳದ ಕಡೆ ನೋಡಿದ. "ಹೋಗಿ ನೋಡ್ತೀಯಲ್ಲ."

"ನಿನಗೆ ಎಂತಾದ್ರೂ ಗೊತ್ತುಂಟಾ?"

"ನನಗೆ ಕರಾಚಿ ಗೊತ್ತುಂಟು ಬಾಯೆ. ಹೊಟ್ಟೆ ಗೊತ್ತಿಲ್ಲ."

ಅವನು ಜೋಕು ಮಾಡುವಾಗ ನನ್ನ ಮುಖ ನೋಡಿಯೇ ಮಾಡುವವನು. ಇವತ್ತು ನೋಡಲಿಲ್ಲ.

ಸಿಸ್ಟರ್‌ಗಳಿಗೆ ಕೋಣೆ ಬೇಡ ಎಂದು ಬರೆದು ಹಾಕಿದೆ. ಎರಡು ಕಡೆ ಸಾಮಾನು ಹೊರುವುದು ದಂಡ.

ಆಗಸ್ಟ್ 31

ನಿನ್ನೆಯಿಂದ ಹಬ್ಬದ ಒಂಬತ್ತು ದಿನದ ನೊವೇನಾ ಶುರು. ಡುಲ್ಸಿನ್ ಬೆಳಿಗ್ಗೆ ತಟ್ಟೆ ತುಂಬ ಹೂ ಕೊಯ್ದು ಇಗರ್ಜಿಗೆ ಕೊಂಡುಹೋಗುತ್ತಾಳೆ. ಕಾಶ್ಮೀರದಲ್ಲಿ ಗಲಾಟೆ ಹೆಚ್ಚಾಗಿದೆಯಂತೆ. ಅಲೆಕ್ಸ್ ರೇಡಿಯೋ ಬಿಟ್ಟು ಏಳುವುದಿಲ್ಲ. ಹಡಗು ಹೊರಡುತ್ತದೆಂದು ಬೊಂಬಾಯಿಯಿಂದ ತಿಳಿಸಿದ್ದಾರೆ.

ಸಾಮಾನು ಕಟ್ಟುತ್ತಿದ್ದೇವೆ. ಕುಚ್ಚಲಕ್ಕಿ, ಹಲಸಿನ ಹಪ್ಪಳ, ಮಾವಿನಮಿಡಿ. ಇಸಿದೋರನ ಹೆಂಡತಿಗೂ ಏನಾದರೂ ಒಯ್ಯಬೇಕು, ಇಲ್ಲದಿದ್ದರೆ ನಮ್ಮ ಮರ್ಯಾದೆಗೆ ಕಡಿಮೆ. ಹಂಪನಕಟ್ಟೆಗೆ ಹೋಗಿ ಸೀರೆ ತೆಗೆಯೋಣ ಎಂದು ವಿನಿಫ್ರೆಡ್‌ಳನ್ನು ಕರೆದೆ. ಅಂಗಡಿಯವನು, ಅಮ್ಮಾ ಅವರು ಬೆಳ್ಳಗಾ ಎಣ್ಣೆಗೆಂಪಾ ಎಂದು ಕೇಳಿದ. ವಿನಿಫ್ರೆಡ್ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ನೀಲಿ ಎಲ್ಲರಿಗೂ ಆಗುತ್ತದೆ ಎಂದು ನೀಲಿ ತೆಗೆದೆ.

ಆಂಬ್ರೋಸ್ ನೋಡಿ ಹೇಳಿದ, "ಚಂದ ಉಂಟು. ಆದ್ರೆ ಬಾಯೆ, ಅಲ್ಲಿ ನಮ್ಮವರು ಹೆಚ್ಚಿನವರು ಫ್ರಾಕ್ ಹಾಕುದು."

"ಈ ಪ್ರಾಯದಲ್ಲಿ ಫ್ರಾಕಾ?"

"ಎಂತ ಮಾಡುದು, ಕರಾಚಿ."

ಹಾಗಾದರೆ ಕತ್ತರಿಸಿ ಫ್ರಾಕ್ ಹೊಲಿಸಿಕೊಳ್ಳಲಿ. ಬಟ್ಟೆ ಒಳ್ಳೆಯದಿದೆ. ತಾಯಿ ಮಗಳು ಇಬ್ಬರಿಗೂ ಆಗುವಷ್ಟಿದೆ.

ಪಟ್ಟಿಯನ್ನು ಮತ್ತೆ ನೋಡಿದೆ. ಮೊದಲ ನಾಲ್ಕು ದಿನ ಮನೆ. ಐದನೆಯ ದಿನ, ಇಸಿದೋರನಿಗೆ ಆದರೆ, ದೊಡ್ಡ ಇಗರ್ಜಿ, ಪಕ್ಕದ ಬಾಗಿಲಿನಿಂದ. ಒಂಟೆಗೆ ಒಂದು ಸಂಜೆ ಅಲೆಕ್ಸ್ ಹುಡುಗಿಯನ್ನು ಕರೆದೊಯ್ಯಲಿ. ಉಳಿದದ್ದು ಆಮೇಲೆ.

ಸಪ್ಟೆಂಬರ್ 6

ಲಾಹೋರಿನ ಕಡೆ ಯುದ್ಧ ಶುರುವಾಗಿದೆ. ಹಡಗು ಇಲ್ಲ.

ಅಲೆಕ್ಸ್ ಹೇಳಲಿಕ್ಕೆ ಬಂದು ಬಾಗಿಲಲ್ಲೇ ನಿಂತ. ಜೂನ್ ಎಂಬ ಮಾತು ಅವನ ಬಾಯಿಂದ ಬಂದರೆ ಕೆನ್ನೆಗೆ ಕೊಡುತ್ತಿದ್ದೆ, ನಲವತ್ತೆರಡು ವರ್ಷದವನು ಅಂತ ನೋಡುತ್ತಿರಲಿಲ್ಲ. ಅವನು ಹೇಳಲಿಲ್ಲ.

ಸಪ್ಟೆಂಬರ್ 8, ಬುಧವಾರ, ಮೊಂತಿ ಫೆಸ್ತ್

ಪೂಜೆಯಲ್ಲಿ ಗಲಾಟೆ ಇರಲಿಲ್ಲ. ಮಕ್ಕಳು ಹೂ ಹಾಕಿದರು. ವಿಗಾರ ಪಾದ್ರಿಗಳು ಶಾಂತಿಗಾಗಿ ಪ್ರಾರ್ಥಿಸಿ ಎಂದರು. ಸೈನಿಕರಿಗಾಗಿಯೂ ಎಂದರು. ನಾನು ಎರಡನ್ನೂ ಮಾಡಿದೆ. ಮೂರನೆಯದನ್ನು ಯಾರೂ ಹೇಳಿಕೊಡಲಿಲ್ಲ, ಅದನ್ನೂ ಮಾಡಿದೆ.

ಮನೆಯಲ್ಲಿ ಅಲೆಕ್ಸ್ ಪ್ರಾರ್ಥನೆ ಓದಿದ. ಕಾಳು ಸುಲಿದು ತೆಂಗಿನ ಹಾಲಿನಲ್ಲಿ ಹಾಕಿ ಚಿಕ್ಕ ಬಟ್ಟಲುಗಳಿಗೆ ಬಡಿಸಿದೆ. ವಿನಿಫ್ರೆಡ್ ಮೆಲ್ಲಗೆ, "ಮಾಂಯ್, ಏಳು ಬಟ್ಟಲು ಆಯ್ತು. ನಾವು ನಾಲ್ಕು, ಭಾವನವರದ್ದು ಒಂದು" ಎಂದಳು.

"ನನಗೆ ಎಣಿಸ್ಲಿಕ್ಕೆ ಬರ್ತದೆ."

ನಾಲ್ಕನ್ನು ನಾವು ತಿಂದೆವು. ಇಸಿದೋರನದು, ಅವನ ಹೆಂಡತಿ ಮಟಿಲ್ಡಾಳದು, ಆ ಹುಡುಗಿಯದು ಮನೆಯ ದೇವರ ಪೀಠದ ಮುಂದೆ ಇಟ್ಟೆ. ಅಂಚೆ ಆಫೀಸಿನಲ್ಲಿ ಪಾಕಿಸ್ತಾನಕ್ಕೆ ಟಪಾಲು ತೆಗೆದುಕೊಳ್ಳುವುದಿಲ್ಲ. ಸಂಜೆಗೆ ಹಾಲು ಹುಳಿ ಬಂತು. ಮಂತ್ರಿಸಿದ್ದನ್ನು ಬಿಸಾಡಬಾರದು. ಮೂರನ್ನೂ ನಾನೇ ಕುಡಿದೆ.

ಸಪ್ಟೆಂಬರ್ 11

ಇವತ್ತು ಮನೆ ಬಿಟ್ಟು, ಬೊಂಬಾಯಿ ರೈಲು ಹಿಡಿಯಲಿಕ್ಕೆ ಹುಬ್ಬಳ್ಳಿಯ ಬಸ್ಸು ಹತ್ತಬೇಕಿತ್ತು.

ಪಕ್ಕದ ಮನೆಯ ಬಾಲಚಂದ್ರ ಮಾಸ್ಟ್ರು ಪೇಪರ್ ಹಿಡಿದು ಬಂದರು. ಒಳ್ಳೆಯ ಮನುಷ್ಯ, ಉತ್ಸಾಹ ಬಂದರೆ ಮಾತ್ರ ಕ್ಲಾಸಿನಲ್ಲಿ ಇದ್ದಂತೆ ಧ್ವನಿ ಏರುತ್ತದೆ.

"ಎಸ್ತೆರ್ ಬಾಯೀ, ನಿಮ್ಮ ಪ್ರಯಾಣ ತಪ್ಪಿದ್ದು ದೇವರ ದಯೆ. ನಮ್ಮವರು ಬಿಡುದಿಲ್ಲ ಇನ್ನು. ಆ ಕರಾಚಿಗೆ ನಾಲ್ಕು ಸರಿಯಾಗಿ ಬಿದ್ರೆ ಬುದ್ಧಿ ಬರ್ತದೆ. ಆಮೇಲೆ ನೀವು ಹೋದ್ರೂ ನೋಡ್ಲಿಕ್ಕೆ ಎಂತ ಇರುದಿಲ್ಲ ಅಲ್ಲಿ!" ಎಂದು ನಕ್ಕರು.

"ನನ್ನ ಮಗ ಇದ್ದಾನೆ ಮಾಸ್ಟ್ರೇ ಅಲ್ಲಿ."

ಅವರ ಕೈಯಲ್ಲಿ ಕಾಫಿ ಲೋಟ ಇತ್ತು. ಕೆಳಗೆ ಇಡಬೇಕೋ ಕುಡಿಯಬೇಕೋ ಗೊತ್ತಾಗದೆ ಹಿಡಿದುಕೊಂಡೇ ನಿಂತರು. "ಮರ್ತೇ ಹೋಯ್ತು ಬಾಯೀ. ನನ್ನ ಬಾಯಿಗೆ ಮಣ್ಣು ಬೀಳಲಿ."

"ಕಾಫಿ ತಣ್ಣಗಾಗ್ತದೆ, ಕುಡೀರಿ" ಎಂದೆ.

ಅವರು ಹೋದ ಮೇಲೆ ರೇಡಿಯೋ ಹಾಕಿಸಿದೆ. ಊರೂರಿನ ಹೆಸರು ಬಂತು. ಎಷ್ಟು ವಿಮಾನ, ಎಷ್ಟು ಟ್ಯಾಂಕು. ನೆರಳಿರುವ ಬೆಂಚುಗಳು ಎಡಬದಿಯವೋ ಬಲಬದಿಯವೋ ಎಂದು ಯೋಚಿಸುತ್ತ ಕೂತಿದ್ದೆ. ಎಡಬದಿಯವು. ಹತ್ತರವರೆಗೆ.

ಸಪ್ಟೆಂಬರ್ 23

ಗುಂಡು ನಿಂತಿದೆಯಂತೆ. ಪೇಟೆಯಲ್ಲಿ ಪಟಾಕಿ. ಟಪಾಲು ಯಾವಾಗ ಎಂದು ಅಲೆಕ್ಸನನ್ನು ಕಳಿಸಿ ಕೇಳಿಸಿದೆ. ಗೊತ್ತಿಲ್ಲ ಎಂದರಂತೆ.

ಅಕ್ಟೋಬರ್ 17

ಏನೂ ಇಲ್ಲ. ಮಟಿಲ್ಡಾಳಿಗೆ ಬಹರೈನ್‌ನಲ್ಲಿ ಒಬ್ಬ ತಮ್ಮ ಇದ್ದಾನೆಂದು ಆಂಬ್ರೋಸ್ ಹೇಳುತ್ತಾನೆ. ಅಲ್ಲಿಂದ ಕರಾಚಿಗೆ ಕಾಗದ ಹೋಗುತ್ತದಂತೆ. ಅವನ ವಿಳಾಸ ಹುಡುಕಿಸುತ್ತಿದ್ದೇವೆ. ಕುಲಶೇಖರದ ಮೂಲದವರಂತೆ. ಇಷ್ಟು ಹತ್ತಿರದವರು ಎಂದು ನನಗೆ ಯಾರೂ ಹೇಳಿರಲಿಲ್ಲ. ನೀನು ಕೇಳಿರಲಿಲ್ಲ ಎಂದ ಆಂಬ್ರೋಸ್.

ಅಕ್ಟೋಬರ್ 31

ವೀಸಾದ ಅವಧಿ ಇವತ್ತಿಗೆ ಮುಗಿಯಿತು.

ನವೆಂಬರ್ 9

ಅವನು ತಾನಾಗಿಯೇ ಬಂದ. ಮಟಿಲ್ಡಾಳ ತಮ್ಮ. ತೋಳಿಗೆ ಕಪ್ಪು ಪಟ್ಟಿ ಇತ್ತು. ಗೇಟಿನ ಬಳಿ ಅದನ್ನು ಕಂಡಾಗಲೇ ಎಲ್ಲ ತಿಳಿಯಿತು. ಆದರೂ ಕೂರಿಸಿ ನೀರು ಕೊಟ್ಟೆ. ಬಹರೈನ್‌ನಿಂದ ರಜೆ ತೆಗೆದುಕೊಂಡು, ಊರಿಗೆ ಬಂದು ಚೀಲ ಇಳಿಸಿದವನೇ ಇಲ್ಲಿಗೆ ಬಂದಿದ್ದ.

ಇಸಿದೋರ್ ಸಪ್ಟೆಂಬರ್ ಇಪ್ಪತ್ತೊಂಬತ್ತಕ್ಕೆ ತೀರಿಕೊಂಡ. ಹುಣ್ಣಲ್ಲ, ಕ್ಯಾನ್ಸರ್. ಯುದ್ಧದ ದಿನಗಳಲ್ಲಿ ಮನೆಯಲ್ಲೇ ಇದ್ದ. ಕಿಟಕಿಗೆಲ್ಲ ಕಪ್ಪು ಕಾಗದ ಅಂಟಿಸಿದ ಕೋಣೆಯಲ್ಲಿ.

"ತಂತಿ ಯಾಕೆ ಕೊಡಲಿಲ್ಲ?" ಎಂದು ಅಲೆಕ್ಸ್ ಕೇಳಿದ.

"ಅಕ್ಕ ಬೇಡ ಅಂದ್ಳು. ಪ್ರಾಯದವರು, ಅಂಚೆಯವನು ಗೇಟಲ್ಲಿ ಕಾಗದ ಕೊಟ್ಟು ಹೋಗುದು ಬೇಡ, ನೀನೇ ಹೋಗಿ ಹತ್ತಿರ ಕೂತು ಹೇಳು ಅಂತ ಬರೆದಿದ್ಳು. ರಜೆ ಸಿಗ್ಲಿಕ್ಕೆ ತಡ ಆಯ್ತು."

ನಾನು ಕೇಳಿದೆ, "ನಿನ್ನ ಅಕ್ಕ ಜೂನ್‌ನೊಳಗೆ ಬನ್ನಿ ಅಂತ ಹೇಳಿದ್ದು?"

"ಡಾಕ್ಟರ್ರು ಆಗಲೇ ಕೈ ಬಿಟ್ಟಿದ್ರು. ಯಾರಿಗೂ ಹೇಳ್ಬಾರದು, ಅಮ್ಮನಿಗೆ ಮೊದಲೇ ಹೇಳ್ಬಾರದು ಅಂತ ಭಾವ ಆಣೆ ಹಾಕಿಸಿದ್ರು, ಆ ನರ್ಸ್ ಹುಡುಗಿಗೂ. ಅಕ್ಕನಿಗೆ ಬೇರೆ ದಾರಿ ಇರಲಿಲ್ಲ. ಬೇಗ ಬನ್ನಿ ಅಂತ ಮಾತ್ರ ಹೇಳ್ಬಹುದಿತ್ತು, ಹೇಳಿದ್ಳು." ನೀರಿನ ಲೋಟ ಕೆಳಗಿಟ್ಟು ಅಂದ, "ಜೂನ್‌ನಲ್ಲಿ ಭಾವ ನಡೀತಿದ್ರು."

ವಿನಿಫ್ರೆಡ್ ಒಳಗೆ ಹೋದಳು.

"ಜುಲೈಯಲ್ಲಿಯೂ ನಡೀತಿದ್ದನಲ್ಲ" ಎಂದೆ. "ಕ್ಲಿಫ್ಟನ್, ಇಗರ್ಜಿ, ತೋಟ ಎಲ್ಲ ನೋಡಿ ಬರೆದಿದ್ದ."

"ಅದು ಅಕ್ಕ."

"ಎಂತ ಅಕ್ಕ?"

"ಭಾವನಿಗೆ ಆಗ ಮಂಚದಿಂದ ಏಳ್ಲಿಕ್ಕೆ ಆಗ್ತಿರ್ಲಿಲ್ಲ ಬಾಯೀ. ನೀವು ಕಳಿಸಿದ ಪಟ್ಟಿ ಉಂಟಲ್ಲ, ಅದನ್ನು ಹಿಡ್ಕೊಂಡು ಅಕ್ಕ ಒಂದೊಂದೇ ಜಾಗಕ್ಕೆ ಹೋಗಿ ಬರ್ತಿದ್ಳು. ಮೆಟ್ಟಿಲು ಎಷ್ಟು, ನೆರಳು ಎಲ್ಲಿ, ಕೂರ್ಲಿಕ್ಕೆ ಜಾಗ ಉಂಟಾ, ಎಲ್ಲ ನೋಡಿ ಸಂಜೆ ಬಂದು ಹೇಳುದು, ಭಾವ ಬರೆಯುದು. ಅಮ್ಮನ ಕಾಲಿಗೆ ಕಷ್ಟ ಆಗ್ಬಾರದು ಅಂತ. ಒಂಟೆಯ ಹತ್ತಿರವೂ ಹೋಗಿದ್ಳು. ಒಂದು ಒಂಟೆ ಅವಳ ಸೆರಗನ್ನೇ ತಿಂತಂತೆ." ಅವನು ನಗಲಿಕ್ಕೆ ನೋಡಿದ, ಆಗಲಿಲ್ಲ.

ಸೀರೆಯನ್ನೇ ಉಡುತ್ತಾಳೆ ಹಾಗಾದರೆ.

ಅವನಿಗೆ ಊಟ ಹಾಕಿದೆ. ಉಂಡ. ಹೊರಡುವಾಗ, ಅಕ್ಕನಿಗೆ ಎಂತ ಹೇಳ್ಬೇಕು ಬಾಯೀ ಎಂದು ಕೇಳಿದ. ಯೋಚಿಸಿ ಹೇಳುತ್ತೇನೆ ಎಂದೆ. ಎಷ್ಟೋ ವರ್ಷದಿಂದ ಯಾವ ಪ್ರಶ್ನೆಗೂ ನಾನು ಆ ಉತ್ತರ ಕೊಟ್ಟದ್ದಿಲ್ಲ.

ನವೆಂಬರ್ 10

ಕಪ್ಪು ಉಟ್ಟೆ. ಊಟ ಸೇರಲಿಲ್ಲ.

ನವೆಂಬರ್ 11

ಮಳೆಗಾಲದ ಸಮುದ್ರದಲ್ಲಿ ಯಾರೂ ಪ್ರಯಾಣ ಮಾಡುವುದಿಲ್ಲ. ಯಾರನ್ನು ಬೇಕಾದರೂ ಕೇಳಿ.

ನವೆಂಬರ್ 12

ಭಾನುವಾರ ಇಸಿದೋರನ ಆತ್ಮಕ್ಕಾಗಿ ಪೂಜೆ. ಪೂಜೆಗೆ ಮೊದಲು ವಿಗಾರರು ಸತ್ತವರ ಹೆಸರು ಓದುತ್ತಾರೆ, ಯಾರ ಮಗ, ಯಾರ ಗಂಡ, ಯಾರ ತಂದೆ ಎಂದು. ಅಲೆಕ್ಸ್ ಚೀಟಿ ಬರೆದು ತಂದು ತೋರಿಸಿದ: "ಫಳ್ನೀರಿನ ಎಸ್ತೆರ್ ಬಾಯಿಯವರ ಹಿರಿಯ ಮಗ, ಅಲೆಕ್ಸನ ಅಣ್ಣ ಇಸಿದೋರ್."

"ಇದು ಕ್ರಮ ಅಲ್ಲ. ಮದುವೆಯಾದ ಗಂಡಸಿಗೆ ಮೊದಲು ಹೆಂಡತಿಯ ಹೆಸರು ಬರ್ತದೆ" ಎಂದೆ.

"ಮಾಂಯ್, ಇಗರ್ಜಿಯಲ್ಲಿ ಎಲ್ಲರ ಎದುರು..."

"ನಿನಗೆ ಕ್ರಮ ಹೇಳಿಕೊಡ್ಬೇಕಾ ನಾನು?"

ಚೀಟಿಯನ್ನು ಹರಿದು ನಾನೇ ಬರೆದೆ. ಮಟಿಲ್ಡಾಳ ಗಂಡ, ಸೆರಫಿನ್‌ಳ ತಂದೆ, ಆಮೇಲೆ ಎಸ್ತೆರ್ ಬಾಯಿಯ ಮಗ. ಅಕ್ಷರ ಓರೆಯಾಯಿತು, ಆದರೆ ಓದಲಿಕ್ಕೆ ಆಗುತ್ತದೆ.

ನವೆಂಬರ್ 14, ಭಾನುವಾರ

ವಿಗಾರರು ಬರೆದ ಹಾಗೆಯೇ ಓದಿದರು. ಹೆಂಗಸರ ಕಡೆಯ ಬೆಂಚುಗಳಲ್ಲಿ ತಲೆಗಳು ತಿರುಗಿದವು. ನಾನು ಪೀಠವನ್ನೇ ನೋಡುತ್ತಿದ್ದೆ. ಅಲೆಕ್ಸ್ ತಲೆ ತಗ್ಗಿಸಿದ್ದ, ತಲೆ ಎತ್ತು ಎಂದು ಕೊಡೆಯ ತುದಿಯಿಂದ ಅವನ ಪಾದಕ್ಕೆ ತಿವಿದೆ.

ಪೂಜೆ ಮುಗಿದು ಹೊರಗೆ ಬಂದಾಗ ಒಬ್ಬೊಬ್ಬರೇ ಬಂದು ಕೈ ಹಿಡಿದರು. ಮುಕ್ಕಾಲು ಪಾಲು ದುಃಖಕ್ಕೆ, ಕಾಲು ಪಾಲು ಕುತೂಹಲಕ್ಕೆ. ಕೊನೆಗೆ ಒಬ್ಬಳು ತಡೆಯಲಾರದೆ ಕೇಳಿಯೇ ಬಿಟ್ಟಳು. ನನ್ನ ಜೊತೆ ಕಾನ್ವೆಂಟಿನಲ್ಲಿ ಕಲಿತವಳು, ಪ್ರತಿ ಭಾನುವಾರ ಇಸಿದೋರನನ್ನು ವಿಚಾರಿಸುತ್ತಿದ್ದವಳು.

"ಎಸ್ತೆರ್, ನಮಗೆ ಗೊತ್ತೇ ಇರಲಿಲ್ಲವಲ್ಲ! ಮಟಿಲ್ಡಾ ಅಂದ್ರೆ ಯಾರು?"

ಸುತ್ತ ನಿಂತವರೆಲ್ಲ ಹತ್ತಿರ ಸರಿದರು.

"ನನ್ನ ಸೊಸೆ" ಎಂದೆ.

"ಹೇಗಿದ್ದಾಳೆ?"

ಏನಾದರೂ ಹೇಳಬಹುದಿತ್ತು. ಹೇಳಿ ಅಭ್ಯಾಸವಿದೆ ನನಗೆ.

"ಗೊತ್ತಿಲ್ಲ. ನಾನು ಅವಳನ್ನು ನೋಡಿಲ್ಲ."